ಕಿಲೋಮೀಟರ್ ಭೂಮಿಯದು, ಗಂಟೆ ಯಾರದು?

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ವಿಮಾನದ ಟಿಕೆಟ್ಟಿನಲ್ಲಿ ಹೆಚ್ಚುಕಡಿಮೆ 1 ಗಂಟೆ 10 ನಿಮಿಷದ ಪ್ರಯಾಣ ಎಂದಿರುತ್ತದೆ. ದೆಹಲಿಗೆ ಎರಡೂಮುಕ್ಕಾಲು ಗಂಟೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಶುರುಮಾಡಿದ ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನಕ್ಕೆ 17 ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಈ ಮೂರು ಊರುಗಳಿಗೆ ಬೆಂಗಳೂರಿನಿಂದ ಇರುವ ನೇರ ದೂರ ಕ್ರಮವಾಗಿ ಸುಮಾರು 305, 1,700 ಮತ್ತು 14,000 ಕಿ.ಮೀ. ಶಾಲೆಯಲ್ಲಿ ಕಲಿತ ಹಾಗೆ ದೂರವನ್ನು ಕಾಲದಿಂದ ಭಾಗಿಸಿ ನೋಡಿ. ಮಂಗಳೂರಿನ ವಿಮಾನ ಗಂಟೆಗೆ 260 ಕಿ.ಮೀ. ವೇಗದಲ್ಲಿ ಹೋದಂತಾಯಿತು. ದೆಹಲಿಯದು 620. ಅಮೆರಿಕದ್ದು 800ಕ್ಕೂ ಹೆಚ್ಚು.

ಇವು ಮೂರೂ ಜೆಟ್ ವಿಮಾನಗಳೇ ಎಂದಿಟ್ಟುಕೊಳ್ಳಿ. ಎಂಜಿನ್‌ಗಳ ವೇಗದಲ್ಲಿ ಇಷ್ಟೊಂದು ಅಂತರವಿಲ್ಲ. ಆದರೂ ಲೆಕ್ಕ ಹೀಗೆ ಬರುತ್ತದೆ. ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ದೂರವನ್ನೂ ಹಾರಾಟದ ಅವಧಿಯನ್ನೂ ಥಟ್ಟನೆ ಹೇಳುವ ಲೆಕ್ಕಯಂತ್ರಗಳು ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತವೆ. ಅವು ಹೇಳುವ ದೂರವನ್ನು ಕಣ್ಣುಮುಚ್ಚಿ ನಂಬಬಹುದು. ಅವಧಿಯನ್ನು ಹಾಗೆ ನಂಬಲಾಗದು. ಏಕೆಂದರೆ ದೂರ ಭೂಮಿಯ ಆಕಾರಕ್ಕೆ ಸೇರಿದ್ದು, ನಿನ್ನೆ ಇದ್ದಷ್ಟೇ ನಾಳೆಯೂ ಇರುತ್ತದೆ. ಹಾರಾಟದ ಹೊತ್ತಿಗೆ ಮಾತ್ರ ಹಲವು ಒಡೆಯರು: ನೆಲದ ಮೇಲಿನ ಸಾಲು, ಮೇಲಿನ ಗಾಳಿ, ದೇಶಗಳ ನಡುವಿನ ಮನಸ್ತಾಪ.

ಮೊದಲು ದೂರದ ವಿಷಯ ಮುಗಿಸೋಣ, ಅದು ಸುಲಭ. ಪ್ರತಿ ವಿಮಾನ ನಿಲ್ದಾಣಕ್ಕೂ ಅಕ್ಷಾಂಶ, ರೇಖಾಂಶಗಳಿಂದ ಗುರುತಿಸಿದ ಒಂದು ಅಧಿಕೃತ ಬಿಂದುವಿರುತ್ತದೆ. ಎರಡು ನಿಲ್ದಾಣಗಳ ದೂರ ಎಂದರೆ ಆ ಎರಡು ಬಿಂದುಗಳ ನಡುವೆ ಭೂಮಿಯ ಮೈಮೇಲೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ. ದೆಹಲಿಯ ದೂರವನ್ನು ನೀವೇ ಕಾಗದದ ಮೇಲೆ ಲೆಕ್ಕಹಾಕಬಹುದು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ ಸುಮಾರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದೆಹಲಿಯದು 77.1ರಲ್ಲಿ. ಅಂದರೆ ಒಂದು ಇನ್ನೊಂದರ ನೆತ್ತಿಯ ಮೇಲೆಯೇ ಇದೆ. ಆದ್ದರಿಂದ ಅಕ್ಷಾಂಶಗಳನ್ನು ಕಳೆದರೆ ಸಾಕು. ದೆಹಲಿಯ 28 ಡಿಗ್ರಿ 33 ಮಿನಿಟಿನಿಂದ ಬೆಂಗಳೂರಿನ 13 ಡಿಗ್ರಿ 12 ಮಿನಿಟು ಕಳೆದರೆ ಉಳಿಯುವುದು 15 ಡಿಗ್ರಿ 21 ಮಿನಿಟು, ಅಂದರೆ 921 ಮಿನಿಟು. ಅಕ್ಷಾಂಶದ ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ, ಅದು 1.852 ಕಿ.ಮೀ. ಗುಣಿಸಿದರೆ ಸುಮಾರು 1,706. ಲೆಕ್ಕಯಂತ್ರ ಕೊಡುವ ಉತ್ತರವೂ ಇದರಿಂದ ನಾಲ್ಕಾರು ಕಿ.ಮೀ. ಆಚೀಚೆ ಇರುತ್ತದೆ, ಅಷ್ಟೆ.

ಆ ಅಲ್ಪ ವ್ಯತ್ಯಾಸಕ್ಕೂ ಕಾರಣವಿದೆ. ಭೂಮಿ ಪೂರ್ಣ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357. ಈ ಚಪ್ಪಟೆತನವನ್ನು ಅಳೆದ ಕೆಲಸದಲ್ಲಿ ನಮ್ಮ ನೆಲಕ್ಕೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಮಹಾ ತ್ರಿಕೋನಮಿತಿ ಸಮೀಕ್ಷೆ 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆಯಿತು. ಅಲ್ಲಿಂದ 78ನೆಯ ರೇಖಾಂಶದ ಆಸುಪಾಸಿನಲ್ಲೇ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತಾ ಹಿಮಾಲಯದ ತಪ್ಪಲಿನವರೆಗೆ ಹೋಯಿತು. ಲ್ಯಾಂಬ್ಟನ್ 1823ರಲ್ಲಿ ದಾರಿಯಲ್ಲೇ ತೀರಿಕೊಂಡ. ಜಾರ್ಜ್ ಎವರೆಸ್ಟ್ ಮುಂದುವರಿಸಿದ. ಆ ಅಳತೆಗಳಿಂದ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಅಂಕಿಗಳನ್ನು ಪ್ರಕಟಿಸಿದ. ಇವತ್ತಿನ ದೆಹಲಿ ವಿಮಾನ ಹೆಚ್ಚುಕಡಿಮೆ ಅದೇ ರೇಖೆಯ ನೆರೆಯಲ್ಲಿ ಹಾರುತ್ತದೆ. ಸರಪಳಿ ಹಿಡಿದು ನಾಲ್ಕು ದಶಕ ಅಳೆದ ನೆಲವನ್ನು ಒಂದು ಹೊತ್ತಿನ ಊಟದಿಂದ ಇನ್ನೊಂದು ಹೊತ್ತಿನ ಊಟದೊಳಗೆ ದಾಟಿಬಿಡುತ್ತದೆ.

ಇನ್ನು ಗಂಟೆಯ ಲೆಕ್ಕ. ಹತ್ತಿರದ ಊರಿನಿಂದ ಶುರುಮಾಡೋಣ.

ಮಂಗಳೂರು 305 ಕಿ.ಮೀ. ದೂರ. ಜೆಟ್ ವಿಮಾನ 35,000 ಅಡಿ ಎತ್ತರದಿಂದ ಹಿತವಾಗಿ ಇಳಿಯಬೇಕಾದರೆ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಕೈಲೆಕ್ಕ. ಅಂದರೆ ಇಳಿಯುವುದಕ್ಕೇ ಸುಮಾರು 195 ಕಿ.ಮೀ. ಹತ್ತುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಕೂಡಿಸಿದರೆ ಮಂಗಳೂರನ್ನೇ ದಾಟಿ ಸಮುದ್ರದ ಮೇಲಿರುತ್ತೀರಿ! ಆದ್ದರಿಂದ ಈ ದಾರಿಯಲ್ಲಿ ವಿಮಾನ ತನ್ನ ಮಾಮೂಲಿ ಎತ್ತರಕ್ಕೆ ಹೋಗುವ ಗೊಡವೆಗೇ ಹೋಗುವುದಿಲ್ಲ. ಅರ್ಧಕ್ಕೆ ಏರಿ, ತುಸು ಹೊತ್ತು ನೆಟ್ಟಗೆ ಹಾರಿ, ಇಳಿಯಲು ತೊಡಗುತ್ತದೆ. ಜೊತೆಗೆ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರಬಾರದೆಂಬ ನಿಯಮವಿದೆ. ಹಾರಾಟದ ದೊಡ್ಡ ಪಾಲು ಈ ಕಟ್ಟುಪಾಡಿನೊಳಗೇ ಕಳೆಯುತ್ತದೆ.

ದಿಕ್ಕಿನದೂ ಒಂದು ಪಾಲು. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನ ಏರುವುದು ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವಾಗ ಮಂಗಳೂರಿನ ವಿಮಾನ ಪಶ್ಚಿಮಕ್ಕೇ ಏರುತ್ತದೆ, ಮೂಗಿನ ನೇರಕ್ಕೆ ಊರು. ಹಿಂಗಾರಿನ ಮೂಡಗಾಳಿಯಿದ್ದಾಗ ಪೂರ್ವಕ್ಕೆ ಏರಿ, ದೊಡ್ಡ ತಿರುವು ತೆಗೆದುಕೊಂಡು ವಾಪಸು ಬರಬೇಕು. ಊರು ಕದಲಿಲ್ಲ, ದೂರವೂ ಬದಲಾಗಲಿಲ್ಲ, ಪ್ರಯಾಣ ಮಾತ್ರ ಉದ್ದವಾಯಿತು.

ಹೀಗೆ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಾದರೆ ಪ್ರಯಾಣಿಕನ ದಿನದಲ್ಲಿ ಹೋಗುವುದು ಅದರ ಆರೇಳು ಪಟ್ಟು. ಬಸವನಗುಡಿಯಿಂದ ದೇವನಹಳ್ಳಿಗೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ, ತಪಾಸಣೆ ಮುಗಿಸಿ ಕೂರಲು ಇನ್ನೊಂದೂವರೆ ಗಂಟೆ, ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿದು ಮನೆ ಸೇರಲು ಮತ್ತೊಂದು ಗಂಟೆ. ವಿಮಾನದ ವೇಗವನ್ನು ಯಾರಾದರೂ ಇಮ್ಮಡಿ ಮಾಡಿಕೊಟ್ಟರೂ ಈ ಮೊತ್ತದಲ್ಲಿ ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು. ಚಿಕ್ಕ ದೂರಗಳಲ್ಲಿ ಗಂಟೆಯ ಒಡೆತನ ನೆಲದ್ದು.

ದೆಹಲಿಯ ಕತೆ ಬೇರೆ. 1,700 ಕಿ.ಮೀ.ಯನ್ನು ಗಂಟೆಗೆ 830ರ ವೇಗದಲ್ಲಿ ಕ್ರಮಿಸಿದರೆ 2 ಗಂಟೆ 3 ನಿಮಿಷ. ಏರಿಳಿತ ಸೇರಿಸಿದರೆ ಇನ್ನೊಂದು ಕಾಲು ಗಂಟೆ. ಆದರೆ ಟಿಕೆಟ್ಟಿನಲ್ಲಿ 2:45, ಕೆಲವೊಮ್ಮೆ ಇನ್ನೂ ಹೆಚ್ಚು. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ಟಿಕೆಟ್ಟಿನಲ್ಲಿರುವುದು ಹಾರಾಟದ ಸಮಯವೇ ಅಲ್ಲ. ಅದು ಬ್ಲಾಕ್ ಟೈಮ್. ಚಕ್ರಗಳಿಗೆ ಕೊಟ್ಟ ಅಡ್ಡೆಯನ್ನು ಇಲ್ಲಿ ತೆಗೆದ ಗಳಿಗೆಯಿಂದ ಅಲ್ಲಿ ಮತ್ತೆ ಕೊಡುವ ಗಳಿಗೆಯವರೆಗಿನ ಒಟ್ಟು ಅವಧಿ. ಟರ್ಮಿನಲ್‌ನಿಂದ ರನ್‌ವೇವರೆಗೆ ಉರುಳುವುದು, ಮುಂದಿರುವ ವಿಮಾನಗಳು ಏರುವವರೆಗೆ ಕಾಯುವುದು, ದೆಹಲಿಯ ಮೇಲೆ ಸರದಿಗಾಗಿ ಸುತ್ತುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲವೂ ಇದರಲ್ಲಿ ಸೇರಿದೆ. ದೆಹಲಿಗೆ ಈಗ ನಾಲ್ಕು ರನ್‌ವೇಗಳಿದ್ದರೂ ಡಿಸೆಂಬರ್-ಜನವರಿಯ ಮಂಜಿನಲ್ಲಿ ವಿಮಾನ ವಿಮಾನದ ನಡುವಿನ ಅಂತರ ಹೆಚ್ಚಿಸಬೇಕಾಗುತ್ತದೆ. ಆಗ ಸಾಲು ಬೆಳೆಯುತ್ತದೆ.

ಇದರ ಮೇಲೆ ಕಂಪನಿಗಳು ಸೇರಿಸಿಕೊಳ್ಳುವ ಕೈಗಾಪು ಸಮಯವೂ ಉಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಯಾವ ಕಂಪನಿಯ ವಿಮಾನಗಳು ಎಷ್ಟರ ಮಟ್ಟಿಗೆ ಸಮಯ ಪಾಲಿಸಿದವು ಎಂದು ತಿಂಗಳಿಗೊಮ್ಮೆ ಪಟ್ಟಿ ಪ್ರಕಟಿಸುತ್ತದೆ. ನಿಗದಿತ ವೇಳೆಯಿಂದ 15 ನಿಮಿಷದೊಳಗಿದ್ದರೆ ಸಮಯಕ್ಕೆ ಸರಿಯಾಗಿದೆ ಎಂದೇ ಲೆಕ್ಕ. ಪರೀಕ್ಷೆ ಇರುವಲ್ಲಿ ಉತ್ತೀರ್ಣರಾಗುವ ದಾರಿಯನ್ನೂ ಹುಡುಕಿಕೊಳ್ಳುತ್ತಾರೆ. ವೇಳಾಪಟ್ಟಿಯಲ್ಲೇ ಹತ್ತು ಹದಿನೈದು ನಿಮಿಷ ಜಾಸ್ತಿ ಬರೆದರೆ ತುಸು ತಡವಾಗಿ ಹೊರಟರೂ ಸಮಯಕ್ಕೆ ಮುಟ್ಟಬಹುದು. ಎಲ್ಲವೂ ಸುಗಮವಾದ ದಿನ, ನಿಗದಿತ ಸಮಯಕ್ಕಿಂತ 20 ನಿಮಿಷ ಮುಂಚೆಯೇ ತಲುಪಿದ್ದೇವೆ ಎಂಬ ಹೆಮ್ಮೆಯ ಘೋಷಣೆ ಕೇಳಿಬರುವುದು ಇದರಿಂದಲೇ. ವಿಮಾನ ಬೇಗ ಬರಲಿಲ್ಲ, ವೇಳಾಪಟ್ಟಿ ನಿಧಾನವಾಗಿತ್ತು. ಇದನ್ನು ಮೋಸ ಎನ್ನಬೇಕಿಲ್ಲ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಈ ಹೆಚ್ಚುವರಿ ನಿಮಿಷಗಳೇ ರಕ್ಷೆ. ಆದರೆ ಎರಡು ಕಂಪನಿಗಳ ವೇಳಾಪಟ್ಟಿ ಹೋಲಿಸಿ, ಹತ್ತು ನಿಮಿಷ ಕಡಿಮೆ ಬರೆದವರ ವಿಮಾನ ವೇಗವಾಗಿ ಹಾರುತ್ತದೆ ಎಂದುಕೊಂಡರೆ ಅದು ತಪ್ಪು ತೀರ್ಮಾನ.

ಮುಂದಿನ ಒಡೆಯ ಗಾಳಿ. ಸಮಭಾಜಕದಿಂದ ದೂರದ ಅಕ್ಷಾಂಶಗಳಲ್ಲಿ, ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಗೆ ಜೆಟ್ ಪ್ರವಾಹ ಎಂದು ಹೆಸರು. ಚಳಿಗಾಲದಲ್ಲಿ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ಜಪಾನಿನ ಹವಾಮಾನ ತಜ್ಞ ವಾಸಾಬುರೋ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಇದನ್ನು ಅಳೆದಿದ್ದ. ಜಗತ್ತೆಲ್ಲ ಓದಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದ. ಹೊರಗಿನವರು ಅದನ್ನು ಹೆಚ್ಚಾಗಿ ಗಮನಿಸಲೇ ಇಲ್ಲ. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರುಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪತೊಡಗಿದಾಗ ಅದರ ಬಲ ಅರಿವಾಯಿತು. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ಇದೇ ಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಹೋಗಿ ಮುಟ್ಟಿತು. ನೆಲದಿಂದ ಅಳೆದರೆ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು.

ನಮ್ಮ ಮೇಲಿನ ಗಾಳಿ ಮಾತ್ರ ಇದಕ್ಕೆ ತಿರುಗುಮುರುಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಜೆಟ್ ಪ್ರವಾಹ ಹರಿಯುತ್ತದೆ. 1958ರ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ಬಲವಾದ ಭಾಗ ಸುಮಾರು 15 ಕಿ.ಮೀ. ಎತ್ತರದಲ್ಲಿದೆ, ಪ್ರಯಾಣಿಕ ವಿಮಾನಗಳಿಗೆ ತಾಗುವುದು ಅದರ ಕೆಳಗಿನ ಅಂಚು. ಆದ್ದರಿಂದ ಬೆಂಗಳೂರಿನಿಂದ ಅರಬ್ಬಿ ಸಮುದ್ರ ದಾಟಿ ಪಶ್ಚಿಮಕ್ಕೆ ಹೊರಟವರಿಗೆ ಮಳೆಗಾಲದಲ್ಲಿ ಗಾಳಿ ಬೆನ್ನಿಗಿರುತ್ತದೆ, ಬರುವವರಿಗೆ ಎದೆಗೆ.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ, ಸರಿಹೋಯಿತು ಎನ್ನುವವರಿದ್ದಾರೆ. ಸರಿಹೋಗುವುದಿಲ್ಲ. 1,800 ಕಿ.ಮೀ. ದೂರ, ಗಂಟೆಗೆ 900 ಕಿ.ಮೀ. ವೇಗ ಎಂದುಕೊಳ್ಳಿ. ಗಾಳಿಯಿಲ್ಲದಿದ್ದರೆ ಹೋಗಿಬರಲು ಒಟ್ಟು 4 ಗಂಟೆ. ಗಂಟೆಗೆ 100 ಕಿ.ಮೀ. ಗಾಳಿಯಿದ್ದರೆ ಬೆನ್ನುಗಾಳಿಯಲ್ಲಿ 1 ಗಂಟೆ 48 ನಿಮಿಷ, ಎದುರುಗಾಳಿಯಲ್ಲಿ 2 ಗಂಟೆ 15 ನಿಮಿಷ, ಒಟ್ಟು 4 ಗಂಟೆ 3 ನಿಮಿಷ. ಗಾಳಿಯ ವೇಗ ಹೆಚ್ಚಿದಷ್ಟೂ ಈ ನಷ್ಟ ಬೆಳೆಯುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಲುಕಿರುವುದರಿಂದ, ಗಾಳಿ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಬಡ್ಡಿ ಸೇರಿಸಿ ವಸೂಲಿ ಮಾಡುತ್ತದೆ.

ಈ ಬಡ್ಡಿ ಕಟ್ಟದೆ ತಪ್ಪಿಸಿಕೊಳ್ಳುವ ಉಪಾಯವೊಂದನ್ನು ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ಮಾಡಿ ತೋರಿಸಿತು. ಅಲ್ಲಿಯವರೆಗೆ ಅದರ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಕಡೆಯಿಂದ, ಸುಮಾರು 13,900 ಕಿ.ಮೀ. ಹಾರಿ ಹೋಗುತ್ತಿತ್ತು. ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ದೂರ 15,300 ಕಿ.ಮೀ.ಗೆ ಏರಿತು, ಪ್ರಯಾಣದ ಅವಧಿ ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆ ಗಂಟೆಗೆ ಬಂತು. ವಾಪಸು ಬರುವಾಗಲೂ ಪೂರ್ವಕ್ಕೇ, ಅಟ್ಲಾಂಟಿಕ್ ದಾಟಿಕೊಂಡು. ಹೋಗಿ ಬಂದರೆ ಭೂಮಿಗೆ ಪೂರ್ತಿ ಒಂದು ಸುತ್ತು, ಎರಡೂ ಕಡೆ ಬೆನ್ನುಗಾಳಿ. 1,400 ಕಿ.ಮೀ. ಹೆಚ್ಚು ಹಾರಿ ಬೇಗ ಮುಟ್ಟಬಹುದು ಎಂದ ಮೇಲೆ ದೂರ ನೋಡಿ ಹೊತ್ತು ಹೇಳುವ ಲೆಕ್ಕಯಂತ್ರಕ್ಕೆ ಏನು ಬೆಲೆ?

ಉಳಿದದ್ದು ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿ ಮಕ್ಕಳಿರುವ ಕನ್ನಡಿಗರ ಮನೆಗಳಲ್ಲಿ ಈ ದೂರದ ಮಾತು ಆಗಾಗ ಬರುತ್ತಲೇ ಇರುತ್ತದೆ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಅರೇಬಿಯಾ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಭೂಗೋಳದ ಮೇಲೆ ದಾರ ಬಿಗಿದು ನೋಡಿದರೆ ಅಚ್ಚರಿಯಾದೀತು. ದಾರ ಬೆಂಗಳೂರಿನಿಂದ ಬಹುತೇಕ ಉತ್ತರಕ್ಕೇ ಹೊರಡುತ್ತದೆ. ಉತ್ತರ ಪ್ರದೇಶದ ಪೂರ್ವಭಾಗ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರದ ಹಿಮಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರ. ಹೀಗೆ ಭೂಮಿಯ ಆಚೆಬದಿಯಲ್ಲಿರುವ ಊರಿಗೆ ಹತ್ತಿರದ ದಾರಿ ನೆತ್ತಿಯ ಮೇಲಿನಿಂದಲೇ.

ಈ ದಾರದ ಗುಂಟ ವಿಮಾನ ಹಾರಬಹುದೇ? ಮೊದಲ ತೊಡಕು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಬರುವಂಥದ್ದು. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗಿಂತ ಹೆಚ್ಚು, ಅಂದರೆ 14,000 ಅಡಿಯ ಮೇಲೆ. ಇಳಿಯಲು ಕೆಳಗೆ ಜಾಗವೇ ಇಲ್ಲ. ಹಾಗಾಗಿ ವಿಮಾನಗಳು ಅದನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯ ತೊಡಕು ರಾಜಕೀಯ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿತು, ಭಾರತದ ಕಂಪನಿಗಳಿಗೆ ತೆರೆದೇ ಇತ್ತು. ಯುನೈಟೆಡ್ ಏರ್‌ಲೈನ್ಸ್ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ವಿಮಾನ ಮುಂದಕ್ಕೆ ಹೋಗುತ್ತಲೇ ಹೋಯಿತು. ತೆರೆದ ಆಕಾಶಕ್ಕೂ ಅದರದೇ ಅಪಾಯವಿದೆ. 2023ರ ಜೂನ್‌ನಲ್ಲಿ ಎಂಜಿನ್ ತೊಂದರೆಯಿಂದ ಏರ್ ಇಂಡಿಯಾದ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ರಷ್ಯಾದ ದೂರದ ಮಗದಾನ್‌ನಲ್ಲಿ ಇಳಿಯಿತು. ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ದಿನ ಕಳೆಯಬೇಕಾಯಿತು. ಪಶ್ಚಿಮದ ಬಾಗಿಲದ್ದೂ ಇದೇ ಕತೆ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ಇಂಡಿಗೋದ ದೆಹಲಿ-ಇಸ್ತಾಂಬುಲ್ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಆ ಬಾಗಿಲು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿ ಮತ್ತು ಇಸ್ತಾಂಬುಲ್ ನಡುವಿನ ದೂರ ಒಂದು ಮೀಟರೂ ಹೆಚ್ಚಾಗಿರಲಿಲ್ಲ.

ಇನ್ನೊಂದು ತೊಡಕು ಗಡಿಯಾರದ್ದು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡವೇ ನಡೆಸಿತು. ಉತ್ತರ ಧ್ರುವದ ಮೇಲಿನಿಂದ ಬಂದ ಅದು ಬೆಂಗಳೂರಿನಲ್ಲಿ ಇಳಿದದ್ದು ಜನವರಿ 11ರ ನಸುಕಿನಲ್ಲಿ. ಚಳಿಗಾಲದಲ್ಲಿ ಎರಡು ಊರುಗಳ ಗಡಿಯಾರಕ್ಕೆ ಹದಿಮೂರೂವರೆ ಗಂಟೆಯ ಅಂತರ, ಅಲ್ಲಿನ ಬೇಸಿಗೆ ಸಮಯದಲ್ಲಿ ಹನ್ನೆರಡೂವರೆ. ಟಿಕೆಟ್ಟಿನ ಮೇಲಿರುವುದು ಆಯಾ ಊರಿನ ಸಮಯವಾದ್ದರಿಂದ ಇಲ್ಲಿಂದ ಚಳಿಗಾಲದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ಐದೂವರೆಗೆ ಇಳಿಯುತ್ತಾರೆ. ಬರುವವರು ಒಂದಿಡೀ ತಾರೀಕನ್ನೇ ಆಕಾಶದಲ್ಲಿ ಕಳೆಯುತ್ತಾರೆ. ವಯಸ್ಸಾದ ತಂದೆತಾಯಿಗೆ ಟಿಕೆಟ್ ತೆಗೆಯುವ ಮಕ್ಕಳು ಔಷಧಿಯ ಹೊತ್ತನ್ನು ಗೊತ್ತುಮಾಡುವಾಗ ಈ ಕಳೆಯುವ-ಕೂಡುವ ಲೆಕ್ಕವನ್ನು ಮೊದಲು ಮಾಡಿಡಬೇಕು.

ಹಾಗಾದರೆ ನಂಬುವುದು ಯಾವುದನ್ನು? ದೂರಕ್ಕೆ ಲೆಕ್ಕಯಂತ್ರ ಸಾಕು. ಹೊತ್ತಿಗೆ, ಅದೇ ವಿಮಾನ ಕಳೆದ ಕೆಲವು ವಾರಗಳಲ್ಲಿ ನಿಜಕ್ಕೂ ಎಷ್ಟು ಸಮಯ ತೆಗೆದುಕೊಂಡಿದೆ ಎಂದು ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳಲ್ಲಿ ನೋಡಿ. ಹೋಗುವ ಮತ್ತು ಬರುವ ಅವಧಿಗಳನ್ನು ಬೇರೆ ಬೇರೆಯಾಗಿ ನೋಡಿ. ಚಳಿಗಾಲದ ಅಂಕಿಯನ್ನು ಮಳೆಗಾಲಕ್ಕೆ ಅನ್ವಯಿಸಬೇಡಿ. ನಡುವೆ ವಿಮಾನ ಬದಲಿಸಬೇಕಿದ್ದರೆ ವೇಳಾಪಟ್ಟಿಯನ್ನಲ್ಲ, ಆ ವಾರಗಳಲ್ಲಿ ತೀರ ತಡವಾದ ದಿನವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.

1958ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಬೋಯಿಂಗ್ 707ರ ವೇಗಕ್ಕೂ ಇವತ್ತಿನ 787ರ ವೇಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರಿದ ಕಾಂಕಾರ್ಡ್ 2003ರಲ್ಲಿ ನಿಂತುಹೋಯಿತು. ಆರು ದಶಕ ದಾಟಿದರೂ ಎಂಜಿನ್ ನಮಗೆ ಉಳಿಸಿಕೊಟ್ಟಿರುವುದು ಇಂಧನವನ್ನು, ಸಮಯವನ್ನಲ್ಲ. ಹಾಗಾಗಿ ಪ್ರಯಾಣ ಇನ್ನಷ್ಟು ಚಿಕ್ಕದಾಗಬೇಕೆಂದು ಬಯಸುವವರು ವಿಮಾನ ತಯಾರಿಸುವವರ ಕಡೆ ನೋಡಿ ಪ್ರಯೋಜನವಿಲ್ಲ. ಮಂಗಳೂರಿಗೆ ಹೊರಟವರಿಗೆ ಗಂಟೆ ಉಳಿಸಬಲ್ಲದ್ದು ದೇವನಹಳ್ಳಿಯತ್ತ ಕೆಲಸ ನಡೆದಿರುವ ಮೆಟ್ರೋ. ದೆಹಲಿಗೆ ಹೊರಟವರಿಗೆ ಅಲ್ಲಿ ಇಳಿಯುವ ಸಾಲಿನ ಅಚ್ಚುಕಟ್ಟು. ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ ಮಾತ್ರ ಅದು ನಗರಪಾಲಿಕೆಯ ಕೈಯಲ್ಲೂ ಇಲ್ಲ, ವಿಮಾನ ಕಂಪನಿಯ ಕೈಯಲ್ಲೂ ಇಲ್ಲ. ಅವರ ಎರಡು ಮೂರು ಗಂಟೆಗಳನ್ನು ಹಿಡಿದಿಟ್ಟುಕೊಂಡಿರುವುದು ಮಾಸ್ಕೋ, ಇಸ್ಲಾಮಾಬಾದ್ ಮತ್ತು ದೆಹಲಿಯ ವಿದೇಶಾಂಗ ಕಚೇರಿಗಳು.